ಪೆಟ್ರೋಲ್ ಘಾಟಿನಲ್ಲಿ ದಿನವಿಡೀ ಕೆಲಸ ಮಾಡುವವರು ಉಸಿರು ಕಾಪಾಡಿಕೊಳ್ಳುವುದು ಹೇಗೆ?

"ಬಂಕ್‌ನಲ್ಲಿ ಕೆಲಸ, ಬೆಳಿಗ್ಗೆ ಎದ್ದರೆ ಕೆಮ್ಮು, ಯಾವ ಮಾಸ್ಕ್ ಹಾಕಿಕೊಂಡರೆ ಒಳ್ಳೆಯದು?" ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಶಿರಾ ಕಡೆಯಿಂದ, ಮುಳಬಾಗಿಲಿನಿಂದ, ಬಾಗೇಪಲ್ಲಿಯಿಂದ. ಹೈವೇ ಉದ್ದಕ್ಕೂ ಬಂಕ್‌ಗಳಿರುವ ಜಿಲ್ಲೆಗಳು ನಮ್ಮವು, ಕೇಳುವವರು ಜಾಸ್ತಿ ಇರುವುದು ಸಹಜ. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮಾಸ್ಕ್ ಬಗ್ಗೆ ಖಂಡಿತ ಹೇಳುತ್ತೇನೆ, ಆದರೆ ಅದು ಮೂರನೇ ಹಂತ. ಅದಕ್ಕೂ ಮೊದಲು ಮಾಡಬೇಕಾದ, ದುಡ್ಡು ಬೇಡದ ಕೆಲಸಗಳಿವೆ. ಅವನ್ನು ಬಿಟ್ಟು ನೇರ ಮಾಸ್ಕ್ ಕೊಂಡರೆ ಪ್ರಯೋಜನ ಕಡಿಮೆ.

ಇದು ಬಂಕ್ ಹುಡುಗರಿಗೆ, ಹುಡುಗಿಯರಿಗೆ ಮಾತ್ರ ಅಲ್ಲ. ದೇವನಗೊಂದಿ ಡಿಪೋದಿಂದ ಲೋಡ್ ತರುವ ಟ್ಯಾಂಕರ್ ಡ್ರೈವರ್, ಕ್ಲೀನರ್‌ಗಳಿಗೆ, ಟೂ ವೀಲರ್ ಗ್ಯಾರೇಜಿನವರಿಗೆ, ಜನರೇಟರ್ ನೋಡಿಕೊಳ್ಳುವವರಿಗೆ, ಹಳ್ಳಿಯಲ್ಲಿ ಬಾಟಲಿಯಲ್ಲಿ ಪೆಟ್ರೋಲ್ ಮಾರುವ ಅಂಗಡಿಯವರಿಗೂ ಅನ್ವಯಿಸುತ್ತದೆ.

ಮೊದಲು ಸ್ವಲ್ಪ ತಿಳಿದುಕೊಳ್ಳಿ

ಪೆಟ್ರೋಲ್ ಬಿಸಿ ಮಾಡದಿದ್ದರೂ ಆವಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆಯೂ ಆಗುತ್ತದೆ, ಏಪ್ರಿಲ್ ಮೇ ಬಿಸಿಲಿನಲ್ಲಂತೂ ಕೇಳುವುದೇ ಬೇಡ. ಆ ಆವಿಯಲ್ಲಿ ಬೆಂಜೀನ್, ಟಾಲ್ಯೂಯೀನ್, ಜೈಲೀನ್ ಎಂಬ ರಾಸಾಯನಿಕಗಳಿರುತ್ತವೆ. ಇವುಗಳಲ್ಲಿ ಹೆಚ್ಚು ಹೆದರಬೇಕಾದದ್ದು ಬೆಂಜೀನ್. 2020ರ ಏಪ್ರಿಲ್‌ನಿಂದ ಸಿಗುತ್ತಿರುವ ಬಿಎಸ್ 6 ಪೆಟ್ರೋಲ್‌ನಲ್ಲಿ ಅದು ಶೇ. 1ಕ್ಕಿಂತ ಜಾಸ್ತಿ ಇರಬಾರದು ಎಂಬ ಮಿತಿ ಇದೆ. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ಗಾಡಿಗೆ ಪೆಟ್ರೋಲ್ ಹಾಕಿಸಿಕೊಂಡು ಹೋಗುವವರು ಎರಡು ನಿಮಿಷ ಉಸಿರಾಡುವುದನ್ನು ನೀವು ದಿನಕ್ಕೆ ಎಂಟು, ಹತ್ತು, ಕೆಲವು ಕಡೆ ಹನ್ನೆರಡು ಗಂಟೆ ಉಸಿರಾಡುತ್ತೀರಿ.

ಇದರಿಂದ ಏನಾಗುತ್ತದೆ? ತಕ್ಷಣಕ್ಕೆ ಕಣ್ಣುರಿ, ಗಂಟಲು ಕೆರೆತ, ತಲೆನೋವು, ತಲೆಸುತ್ತು, ವಾಕರಿಕೆ. ವರ್ಷಗಟ್ಟಲೆ ಆದರೆ ಶ್ವಾಸನಾಳ ಕೆರಳಿ ಕೆಮ್ಮು, ಕಫ, ಏದುಸಿರು. ಮೊದಲೇ ದಮ್ಮು ಇದ್ದವರಿಗೆ ಅದು ಜಾಸ್ತಿಯಾಗುತ್ತದೆ. ನಮ್ಮ ದೇಶದಲ್ಲೇ ಬಂಕ್ ಕೆಲಸಗಾರರನ್ನು ಪರೀಕ್ಷಿಸಿದ ಹಲವು ಅಧ್ಯಯನಗಳಲ್ಲಿ ಉಸಿರು ಊದುವ ಶಕ್ತಿ ಬೇರೆಯವರಿಗಿಂತ ಕಡಿಮೆ ಕಂಡುಬಂದಿದೆ. ಇದಕ್ಕೆ ಪೆಟ್ರೋಲ್ ಒಂದೇ ಕಾರಣ ಅಂತ ಹೇಳಲಾಗದು. ಗಾಡಿಗಳ ಹೊಗೆ, ಹೈವೇ ಧೂಳು ಎಲ್ಲ ಸೇರಿರುತ್ತದೆ. ಡೀಸೆಲ್ ಪೆಟ್ರೋಲ್‌ನಷ್ಟು ಆವಿಯಾಗುವುದಿಲ್ಲ, ಅದರ ಅಪಾಯ ಇರುವುದು ಹೊಗೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು 2012ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೆಂಜೀನ್ ಅದಕ್ಕೂ ಮೊದಲೇ ಆ ಗುಂಪಿನಲ್ಲಿತ್ತು. 2025ರಲ್ಲಿ ಪೆಟ್ರೋಲ್ ಕೂಡ ಸೇರಿತು.

ಇನ್ನೊಂದು ವಿಷಯ ಚೆನ್ನಾಗಿ ನೆನಪಿಟ್ಟುಕೊಳ್ಳಿ. "ಮೊದಮೊದಲು ವಾಸನೆ ಬರ್ತಿತ್ತು, ಈಗ ಅಭ್ಯಾಸ ಆಗಿದೆ" ಅಂತ ಬಹಳ ಜನ ಹೇಳುತ್ತಾರೆ. ಒಂದೇ ವಾಸನೆಯನ್ನು ಸ್ವಲ್ಪ ಹೊತ್ತು ಮೂಸಿದರೆ ಮೂಗು ಅದನ್ನು ಗುರುತಿಸುವುದನ್ನೇ ನಿಲ್ಲಿಸುತ್ತದೆ, ಅಷ್ಟೇ. ಆವಿ ಒಳಗೆ ಹೋಗುವುದು ನಿಂತಿರುವುದಿಲ್ಲ. ಆದ್ದರಿಂದ ವಾಸನೆ ಬರುತ್ತಿಲ್ಲ ಎಂಬುದನ್ನು ನಂಬಿಕೊಂಡು ಕೂರಬೇಡಿ.

ಏನೇನು ಬೇಕು

ಒಂದು ಚಿಕ್ಕ ನೋಟ್‌ಬುಕ್, ಪೆನ್ನು. ಸೋಪು. ನೈಟ್ರೈಲ್ ಕೈಗವಸು (ಪೆಟ್ರೋಲ್ ತಾಗಿದರೂ ಬೇಗ ಹಾಳಾಗದ ಒಂದು ಬಗೆಯ ರಬ್ಬರ್, ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿ ಸಿಗುತ್ತದೆ). ಬದಲಿಗೆ ಒಂದು ಜೊತೆ ಬಟ್ಟೆ, ಕೆಲಸದ ಬಟ್ಟೆ ಹಾಕಲು ಒಂದು ಚೀಲ. ಸಾಧ್ಯವಾದರೆ ಒಂದು ಪೀಕ್ ಫ್ಲೋ ಮೀಟರ್, ಅಂದರೆ ಬಾಯಲ್ಲಿಟ್ಟು ಜೋರಾಗಿ ಊದಿದರೆ ಉಸಿರಿನ ವೇಗ ತೋರಿಸುವ ಪ್ಲಾಸ್ಟಿಕ್ ಕೊಳವೆ. ದೊಡ್ಡ ಮೆಡಿಕಲ್ ಶಾಪ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಬ್ಬರಿಗೆ ಭಾರ ಅನ್ನಿಸಿದರೆ ಇಬ್ಬರು ಮೂವರು ಸೇರಿ ಕೊಳ್ಳಿ, ಬಾಯಿಗೆ ಇಡುವ ತುದಿಯನ್ನು ಮಾತ್ರ ಬೇರೆ ಬೇರೆ ಇಟ್ಟುಕೊಳ್ಳಿ.

1. ನಿಮ್ಮ ದಿನದಲ್ಲಿ ಘಾಟು ಎಲ್ಲಿ ಜಾಸ್ತಿ ಎಂದು ಗುರುತಿಸಿ

ಎಂಟು ಗಂಟೆಯೂ ಒಂದೇ ಸಮ ಆವಿ ಇರುವುದಿಲ್ಲ. ಕೆಲವು ಹೊತ್ತಿನಲ್ಲಿ ವಿಪರೀತ ಇರುತ್ತದೆ. ಆ ಹೊತ್ತುಗಳನ್ನು ಹಿಡಿದರೆ ಅರ್ಧ ಕೆಲಸ ಆದಂತೆ.

ಎಲ್ಲಕ್ಕಿಂತ ದೊಡ್ಡದು ಟ್ಯಾಂಕರ್ ಲೋಡ್ ಇಳಿಸುವಾಗ. ನೆಲದಡಿಯ ಟ್ಯಾಂಕು ಖಾಲಿಯಾದಂತೆ ಕಂಡರೂ ಅದರ ತುಂಬ ಪೆಟ್ರೋಲ್ ಆವಿ ಇರುತ್ತದೆ. 12,000 ಲೀಟರ್ ಪೆಟ್ರೋಲ್ ಒಳಗೆ ಇಳಿದರೆ ಹತ್ತಿರ ಹತ್ತಿರ ಅಷ್ಟೇ ಪ್ರಮಾಣದ ಆವಿ ತುಂಬಿದ ಗಾಳಿ ಹೊರಗೆ ಬರಲೇಬೇಕು. ಅದು ಬರುವುದು ವೆಂಟ್ ಪೈಪಿನಿಂದ, ಅಂದರೆ ಮೂಲೆಯಲ್ಲಿ ಎತ್ತರಕ್ಕೆ ನಿಲ್ಲಿಸಿರುವ ಆ ತೆಳ್ಳನೆ ಪೈಪುಗಳಿಂದ, ಮತ್ತು ಸರಿಯಾಗಿ ಮುಚ್ಚದ ಬಾಯಿಗಳಿಂದ. ಕೆಲವು ಬಂಕ್‌ಗಳಲ್ಲಿ ಆ ಆವಿಯನ್ನು ವಾಪಸ್ ಟ್ಯಾಂಕರಿಗೇ ಕಳಿಸುವ ಇನ್ನೊಂದು ಹೋಸ್ ಪೈಪ್ ಇರುತ್ತದೆ. ಇದಕ್ಕೆ ವೇಪರ್ ರಿಕವರಿ ಅನ್ನುತ್ತಾರೆ. ಬೆಂಗಳೂರಿನಂಥ ದೊಡ್ಡ ಊರಿನ ದೊಡ್ಡ ಬಂಕ್‌ಗಳಲ್ಲಿ ಇದನ್ನು ಕಾಣಬಹುದು, ನಮ್ಮ ಕಡೆ ಎಲ್ಲ ಬಂಕಿನಲ್ಲೂ ಇರುವುದಿಲ್ಲ. ನಿಮ್ಮಲ್ಲಿ ಇದೆಯಾ, ಇದ್ದರೂ ಆ ಹೋಸ್ ಜೋಡಿಸದೆ ಸುಮ್ನೆ ಪಕ್ಕಕ್ಕೆ ಇಡುತ್ತಿದ್ದಾರಾ ಅಂತ ನೋಡಿ. ಇದ್ದೂ ಜೋಡಿಸದಿದ್ದರೆ ಅದನ್ನು ಜೋಡಿಸುವುದೇ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ.

ಆಮೇಲೆ ಡಿಪ್ ರಾಡ್, ಅಂದರೆ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಎಂದು ಅಳೆಯುವ ಕೋಲು ಹಾಕುವಾಗ. ಮುಚ್ಚಳ ತೆಗೆದ ತಕ್ಷಣ ಬಗ್ಗಿ ನೋಡುವ ಅಭ್ಯಾಸ ಹೆಚ್ಚಿನವರಿಗೆ ಇದೆ. ಒಳಗೆ ಒತ್ತಿಕೊಂಡಿದ್ದ ಆವಿಯೆಲ್ಲ ನೇರ ಮುಖಕ್ಕೆ ಬರುತ್ತದೆ.

ಬೆಳಿಗ್ಗೆ ಪೆಟ್ರೋಲ್‌ನ ಡೆನ್ಸಿಟಿ, ಅಂದರೆ ಸಾಂದ್ರತೆ ನೋಡುವಾಗ. ಗಾಜಿನ ಜಾರಿಗೆ ಪೆಟ್ರೋಲ್ ಹಾಕಿ, ಹೈಡ್ರೋಮೀಟರ್ ತೇಲಿಸಿ, ಗೆರೆ ಓದಲು ಜಾರಿನ ಬಾಯಿಗೆ ಮೂಗು ತಂದು ನಿಲ್ಲುತ್ತೀರಿ ಅಲ್ವಾ? ಅದನ್ನೂ ಎಷ್ಟೋ ಕಡೆ ಆಫೀಸ್ ರೂಮಿನೊಳಗೆ, ಮೇಜಿನ ಮೇಲೆ ಮಾಡುತ್ತಾರೆ. ಹಾಗೆಯೇ 5 ಲೀಟರ್ ಅಳತೆ ಕ್ಯಾನಿಗೆ ಹಿಡಿದು ಟೆಸ್ಟಿಂಗ್ ಮಾಡಿ ಮತ್ತೆ ಟ್ಯಾಂಕಿಗೆ ಸುರಿಯುವಾಗ.

ಗಾಡಿಗೆ ಹಾಕುವಾಗಲೂ ಅದೇ ಲೆಕ್ಕ. 5 ಲೀಟರ್ ಪೆಟ್ರೋಲ್ ಹೋದರೆ 5 ಲೀಟರ್ ಆವಿ ಹೊರಗೆ. ಸ್ಕೂಟರ್, ಬೈಕಿನಲ್ಲಿ ಅದು ನಿಮ್ಮ ಎದೆಯ ಹತ್ತಿರವೇ ಏಳುತ್ತದೆ.

ಗ್ಯಾರೇಜಿನವರಿಗೆ ಪಟ್ಟಿ ಬೇರೆ. ಕಾರ್ಬೊರೇಟರ್, ಚೈನ್, ಬೇರಿಂಗ್‌ಗಳನ್ನು ತಗಡಿನ ತಟ್ಟೆಯಲ್ಲಿ ಪೆಟ್ರೋಲ್ ಹಾಕಿ ಬ್ರಷ್‌ನಿಂದ ತೊಳೆಯುವುದು. ಆ ತಟ್ಟೆಯನ್ನು ಹಾಗೇ ತೆರೆದು ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು. ಕೆಲಸ ಮುಗಿದ ಮೇಲೆ ಗ್ರೀಸ್ ಹೋಗಲಿ ಅಂತ ಕೈಯನ್ನೂ ಅದರಲ್ಲೇ ತೊಳೆಯುವುದು. ಮೂರೂ ಕೆಟ್ಟದ್ದು, ಮೂರನ್ನೂ ಬಿಡಬಹುದು.

ಒಂದು ವಾರ ಸುಮ್ನೆ ಗಮನಿಸಿ ನೋಟ್‌ಬುಕ್‌ನಲ್ಲಿ ಬರೆಯಿರಿ: ಯಾವ ಕೆಲಸ, ಎಷ್ಟು ಹೊತ್ತು, ಆಗ ಏನನ್ನಿಸಿತು.

2. ಆವಿಯಿಂದ ದೂರ ಸರಿಯಿರಿ, ಗಾಳಿ ನೋಡಿ ನಿಲ್ಲಿ

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಾಗಾಗಿ ಅದು ಮೇಲಕ್ಕೆ ಹೋಗಿ ಚದುರುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಮ್ಯಾನ್‌ಹೋಲ್ ಗುಂಡಿ, ಸರ್ವಿಸ್ ಪಿಟ್, ಚರಂಡಿ, ತಗ್ಗಿನ ರೂಮು, ಇಲ್ಲೆಲ್ಲ ನಿಂತುಬಿಡುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಡಿಸೆಂಬರ್ ಜನವರಿಯಲ್ಲಿ ಮಂಜು ಕವಿದು ಗಾಳಿಯೇ ಆಡದ ಬೆಳಗಿನ ಜಾವಗಳಿರುತ್ತವಲ್ಲ, ಆಗ ಬಿಸಿಲಿಲ್ಲ ಅಂತ ನೆಮ್ಮದಿ ಬೇಡ. ಆವಿ ಕಡಿಮೆ ಹುಟ್ಟಿದರೂ ಹುಟ್ಟಿದ್ದು ಅಲ್ಲೇ ಕೂತಿರುತ್ತದೆ.

ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯಲು ಕಂಬಕ್ಕೆ ಒಂದು ಬಣ್ಣದ ರಿಬ್ಬನ್ ಕಟ್ಟಿ. ರಿಬ್ಬನ್ ಯಾವ ಕಡೆಗೆ ಹಾರುತ್ತದೋ ಅದರ ವಿರುದ್ಧ ಬದಿಯಲ್ಲಿ, ಅಂದರೆ ಗಾಳಿ ನಿಮ್ಮ ಬೆನ್ನಿಗೆ ಬಡಿದು ಆವಿಯನ್ನು ಮುಂದಕ್ಕೆ ತಳ್ಳುವ ಹಾಗೆ ನಿಲ್ಲಿ. ಲೋಡ್ ಇಳಿಸುವಾಗ ವೆಂಟ್ ಪೈಪಿನ ಕಡೆಯಿಂದ ಗಾಳಿ ಬರುವ ಜಾಗದಲ್ಲಿ ಕೂತು ಟೀ ಕುಡಿಯಬೇಡಿ. ಹೋಸ್ ಜೋಡಿಸಿ ಲೀಕ್ ಇಲ್ಲ ಎಂದು ನೋಡಿದ ಮೇಲೆ, ಮೇಲೊಂದು ಕಣ್ಣಿಟ್ಟು, ಗಾಳಿ ಬರುವ ಕಡೆ ನಾಲ್ಕಾರು ಹೆಜ್ಜೆ ದೂರ ನಿಂತರೆ ಸಾಕು. ಬಿಟ್ಟು ಹೋಗುವುದಂತೂ ಬೇಡ, ಅದು ಬೆಂಕಿಯ ದೃಷ್ಟಿಯಿಂದ ಅಪಾಯ.

ಡಿಪ್ ಮುಚ್ಚಳವನ್ನು ಕೈ ಚಾಚಿ ತೆಗೆಯಿರಿ, ಮುಖ ಪಕ್ಕಕ್ಕಿರಲಿ, ಅರ್ಧ ನಿಮಿಷ ಬಿಟ್ಟು ಆಮೇಲೆ ರಾಡ್ ಇಳಿಸಿ. ಡೆನ್ಸಿಟಿ ಜಾರನ್ನು ಹೊರಗೆ, ಗಾಳಿಯಾಡುವ ಕಡೆ, ಕಣ್ಣಿನ ಮಟ್ಟದ ಕಟ್ಟೆಯ ಮೇಲೆ ಇಡಿ. ಆಗ ಬಗ್ಗುವ ಅಗತ್ಯವೇ ಬರುವುದಿಲ್ಲ, ಅಂಕಿಯೂ ಸರಿಯಾಗಿ ಸಿಗುತ್ತದೆ. ಓದಿದ ಕೂಡಲೇ ಪೆಟ್ರೋಲ್ ವಾಪಸ್ ಹಾಕಿ, ಜಾರ್ ತೆರೆದಿಡಬೇಡಿ.

ಪೆಟ್ರೋಲ್ ಹಾಕುವ ಗನ್ ತಾನಾಗೇ ಟಕ್ ಅಂತ ಕಟ್ ಆದ ಮೇಲೆ ನಿಲ್ಲಿಸಿ. "ರೌಂಡ್ ಫಿಗರ್ ಮಾಡಿ", "ಫುಲ್ ಅಂದ್ರೆ ಬಾಯಿತನಕ" ಅಂತ ಗಿರಾಕಿಗಳು ಒತ್ತಾಯಿಸುತ್ತಾರೆ, ಗೊತ್ತು. ಆ ಕೊನೆಯ ಅರ್ಧ ಲೀಟರ್ ತುಂಬಲು ನೀವು ಟ್ಯಾಂಕಿನೊಳಗೆ ಇಣುಕುತ್ತಾ ನಿಲ್ಲಬೇಕಾಗುತ್ತದೆ, ಚೆಲ್ಲುತ್ತದೆ, ಚೆಲ್ಲಿದ್ದು ಪೂರ್ತಿ ಆವಿಯಾಗಿ ನಿಮಗೇ ಬರುತ್ತದೆ. "ಆಟೋ ಕಟ್ ಆಗಿದೆ ಸಾರ್, ಇನ್ನು ಹಾಕಿದ್ರೆ ಚೆಲ್ಲುತ್ತೆ" ಅಂತ ಹೇಳಿ ಗನ್ ತೂಗುಹಾಕಿ. ಚೆಲ್ಲಿದ ಕಡೆ ತಕ್ಷಣ ಮರಳು ಹಾಕಿ.

ಮಲಗುವ ಜಾಗದ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ನನಗೆ ಇದೇ ಜಾಸ್ತಿ ಚಿಂತೆ. ನೈಟ್ ಶಿಫ್ಟ್‌ನವರು ಎರಡು ಗಂಟೆ ಕಣ್ಣು ಮುಚ್ಚಲು ಪಂಪಿನ ಪಕ್ಕದ ಕಟ್ಟೆಯಲ್ಲೋ ಆಫೀಸಿನ ನೆಲದ ಮೇಲೋ ಚಾಪೆ ಹಾಸುತ್ತಾರೆ. ಭಾರವಾದ ಆವಿ ಇರುವುದೇ ನೆಲದ ಮಟ್ಟದಲ್ಲಿ. ಸಾಧ್ಯವಾದಷ್ಟು ಪಂಪ್, ಮ್ಯಾನ್‌ಹೋಲ್, ವೆಂಟ್ ಪೈಪ್ ಮೂರರಿಂದಲೂ ದೂರ ಇರುವ ರೂಮಿನಲ್ಲಿ, ಮಂಚದ ಮೇಲೆ, ಕಿಟಕಿ ತೆರೆದು ಮಲಗಿ. ಆ ಚಿಕ್ಕ ರೂಮಿನಲ್ಲಿ ಸೊಳ್ಳೆ ಬತ್ತಿ ಹಚ್ಚಬೇಡಿ, ಸೊಳ್ಳೆ ಪರದೆ ಕಟ್ಟಿ. ಕ್ಯಾನ್, ಟೆಸ್ಟಿಂಗ್ ಡಬ್ಬ, ಪೆಟ್ರೋಲ್ ತಾಗಿದ ಬಟ್ಟೆ ಯಾವುದೂ ಮಲಗುವ ರೂಮಿನಲ್ಲಿ ಇರಬಾರದು. ಬಾಟಲಿ ಪೆಟ್ರೋಲ್ ಮಾರುವ ಅಂಗಡಿಯವರು ಎಷ್ಟೋ ಜನ ಅಂಗಡಿಯ ಹಿಂದಿನ ಕೋಣೆಯಲ್ಲೇ ಸಂಸಾರ ಮಾಡುತ್ತಾರೆ. ಅಲ್ಲಿ ಪೆಟ್ರೋಲ್ ಇಡುವುದು ಬೆಂಕಿಗೂ ಹೆದರಬೇಕಾದ ಕೆಲಸ, ಮಕ್ಕಳ ಉಸಿರಿಗೂ ಹೆದರಬೇಕಾದ ಕೆಲಸ.

3. ಮಾಸ್ಕ್: ಯಾವುದು ತಡೆಯುತ್ತದೆ, ಯಾವುದು ತಡೆಯುವುದಿಲ್ಲ

ಬಟ್ಟೆ ಮಾಸ್ಕ್, ಕರ್ಚೀಫು, ಸರ್ಜಿಕಲ್ ಮಾಸ್ಕ್ ಪೆಟ್ರೋಲ್ ಆವಿಯನ್ನು ತಡೆಯುವುದಿಲ್ಲ. ಎನ್95 ಕೂಡ ತಡೆಯುವುದಿಲ್ಲ. ಎನ್95 ಹಿಡಿಯುವುದು ಕಣಗಳನ್ನು, ಅಂದರೆ ಧೂಳು, ಹೊಗೆಯ ಮಸಿ, ರೋಗಾಣು ಹೊತ್ತ ಹನಿಗಳನ್ನು. ಆವಿ ಎನ್ನುವುದು ಅನಿಲ, ಅದು ಬಟ್ಟೆಯ ಎಳೆಗಳ ನಡುವೆ ಆರಾಮವಾಗಿ ನುಸುಳುತ್ತದೆ. ಹೈವೇ ಧೂಳಿಗೆ, ಡೀಸೆಲ್ ಲಾರಿಗಳ ಹೊಗೆಗೆ ಎನ್95 ಹಾಕಿಕೊಳ್ಳಿ, ಅಷ್ಟು ಲಾಭ ಇದೆ.

ಆವಿಗೆ ಬೇಕಾಗುವುದು ಕಾರ್ಟ್ರಿಜ್ ಇರುವ ರಬ್ಬರ್ ಮಾಸ್ಕ್. ಕೆನ್ನೆಯ ಎರಡೂ ಬದಿ ದುಂಡನೆ ಡಬ್ಬಿಗಳಿರುತ್ತವಲ್ಲ, ಪೇಂಟ್ ಸ್ಪ್ರೇ ಮಾಡುವವರು ಹಾಕುತ್ತಾರೆ, ಅದು. ಡಬ್ಬಿಯೊಳಗಿನ ವಿಶೇಷ ಇದ್ದಿಲು ಆವಿಯನ್ನು ಹೀರಿಕೊಳ್ಳುತ್ತದೆ. ಕೊಳ್ಳುವಾಗ "ಆರ್ಗ್ಯಾನಿಕ್ ವೇಪರ್" ಎಂದೋ "ಎ1", "ಎ2" ಎಂದೋ ಬರೆದಿರುವುದನ್ನೇ ಕೇಳಿ. ಧೂಳಿನ ಫಿಲ್ಟರ್ ಕೂಡ ಇದೇ ಆಕಾರದಲ್ಲಿ ಬರುತ್ತದೆ, ಅಂಗಡಿಯವರು ಅದನ್ನೇ ಕೊಟ್ಟು ಕಳಿಸುವುದುಂಟು.

ಈ ಮಾಸ್ಕನ್ನು ಇಡೀ ದಿನ ಹಾಕಿ ಗಿರಾಕಿಗಳ ಜೊತೆ ಮಾತಾಡುವುದು ಆಗದ ಮಾತು, ನಾನೂ ಹಾಗೆ ಹೇಳುವುದಿಲ್ಲ. ಲೋಡ್ ಇಳಿಸುವಾಗ, ಡಿಪ್ ನೋಡುವಾಗ, ದೊಡ್ಡದಾಗಿ ಚೆಲ್ಲಿದ್ದನ್ನು ಸ್ವಚ್ಛ ಮಾಡುವಾಗ ಹಾಕಿ. ಬಂಕಿಗೆ ಎರಡು ಇದ್ದರೂ ನಡೆಯುತ್ತದೆ, ಇದನ್ನು ಕೊಡಿಸಬೇಕಾದವರು ಮಾಲೀಕರು.

ಎಡವುವ ಜಾಗಗಳು ಇವು. ಗಡ್ಡ ಇದ್ದರೆ ರಬ್ಬರ್ ಅಂಚು ಚರ್ಮಕ್ಕೆ ಕೂರುವುದಿಲ್ಲ, ಪಕ್ಕದಿಂದ ಆವಿ ಬರುತ್ತದೆ. ಕಾರ್ಟ್ರಿಜ್‌ಗೆ ಆಯಸ್ಸಿದೆ, ಹಾಕಿಕೊಂಡಾಗಲೂ ವಾಸನೆ ಬಂದರೆ ಅದು ಮುಗಿದಂತೆ. ಆದರೆ ಮೂಗು ಒಗ್ಗಿರುವುದರಿಂದ ವಾಸನೆಗಾಗಿ ಕಾಯದೆ ಕಂಪನಿ ಹೇಳಿದ ಅವಧಿಗೆ ಬದಲಿಸುವುದು ಒಳ್ಳೆಯದು. ಬಳಸದಾಗ ಮಾಸ್ಕನ್ನು ಗೋಡೆಗೆ ನೇತುಹಾಕಿದರೆ ಇದ್ದಿಲು ಅಲ್ಲಿಯ ಆವಿಯನ್ನೇ ಹೀರಿ ಹಾಳಾಗುತ್ತದೆ, ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಿ.

ಇನ್ನೊಂದು, ದಯವಿಟ್ಟು ಎರಡು ಸಲ ಓದಿ. ಈ ಮಾಸ್ಕ್ ಗಾಳಿಯನ್ನು ಶೋಧಿಸುತ್ತದೆ, ಆಮ್ಲಜನಕ ಕೊಡುವುದಿಲ್ಲ. ಇದನ್ನು ನಂಬಿ ಟ್ಯಾಂಕಿನೊಳಗೆ, ಟ್ಯಾಂಕರಿನ ಹೊಟ್ಟೆಯೊಳಗೆ ಇಳಿಯಬೇಡಿ. ಅಲ್ಲಿ ಆವಿ ತುಂಬಿ ಆಮ್ಲಜನಕವೇ ಕಡಿಮೆ ಇರುತ್ತದೆ, ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಟ್ಯಾಂಕ್ ಕ್ಲೀನಿಂಗ್ ಅದಕ್ಕೆಂದೇ ತರಬೇತಿ ಇರುವ, ಗಾಳಿ ಅಳೆಯುವ ಯಂತ್ರ, ಹೊರಗಿನಿಂದ ಗಾಳಿ ಕೊಡುವ ಸಲಕರಣೆ ಇರುವ ತಂಡದ ಕೆಲಸ. ಐನೂರು ರೂಪಾಯಿ ಜಾಸ್ತಿ ಕೊಡುತ್ತೇನೆ ಇಳಿ ಅಂತ ಯಾರು ಹೇಳಿದರೂ ಆಗುವುದಿಲ್ಲ ಎಂದುಬಿಡಿ.

4. ಬಾಯಿಯಿಂದ ಪೈಪ್ ಎಳೆಯುವುದನ್ನು ಇವತ್ತೇ ನಿಲ್ಲಿಸಿ

ಗಾಡಿಯಿಂದ ಪೆಟ್ರೋಲ್ ತೆಗೆಯಲು ಪೈಪ್ ಬಾಯಲ್ಲಿಟ್ಟು ಎಳೆಯುವುದು ಗ್ಯಾರೇಜಿನಲ್ಲೂ ಹೊಲದಲ್ಲೂ ದಿನಾ ಕಾಣುವ ದೃಶ್ಯ. ಒಂದು ಗುಟುಕು ಹೊಟ್ಟೆಗೆ ಹೋಗುವುದಕ್ಕಿಂತ ಕೆಲವು ಹನಿ ಶ್ವಾಸನಾಳಕ್ಕೆ ಹೋಗುವುದು ಹೆಚ್ಚು ಅಪಾಯ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವುದಾದರೂ ಶ್ವಾಸಕೋಶ ಸೇರಿದರೆ ಅಲ್ಲಿ ಹರಡಿ ಸುಟ್ಟಂತೆ ಮಾಡುತ್ತದೆ. ಇದಕ್ಕೆ ರಾಸಾಯನಿಕ ನ್ಯುಮೋನಿಯಾ ಅನ್ನುತ್ತಾರೆ. ಹತ್ತಿಪ್ಪತ್ತು ರೂಪಾಯಿಯ ಕೈಪಂಪ್ ಸಿಗುತ್ತದೆ ಎಂದು ಹೇಳಲಾರೆ, ಆದರೆ ರಬ್ಬರ್ ಬಲ್ಬ್ ಇರುವ ಪೈಪ್ ದುಬಾರಿ ವಸ್ತುವೇನೂ ಅಲ್ಲ. ಒಂದು ತಂದಿಟ್ಟುಕೊಳ್ಳಿ.

ಆಕಸ್ಮಿಕವಾಗಿ ಒಳಗೆ ಹೋದರೆ ವಾಂತಿ ಮಾಡಿಸಬೇಡಿ. ಉಪ್ಪು ನೀರು, ಸೋಪಿನ ನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಬೇಡವೇ ಬೇಡ. ವಾಂತಿಯಾದರೆ ಅದು ಮತ್ತೆ ಶ್ವಾಸನಾಳಕ್ಕೆ ಇಳಿಯುತ್ತದೆ. ಬಾಯಿ ಮುಕ್ಕಳಿಸಿ ಉಗುಳಿಸಿ, ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ. ಕೆಮ್ಮು, ಉಸಿರುಗಟ್ಟುವುದು, ಜ್ವರ ಕೆಲವು ಗಂಟೆ ಬಿಟ್ಟು ಶುರುವಾಗಬಹುದು, ಹಾಗಾಗಿ "ಈಗ ಚೆನ್ನಾಗಿದ್ದಾನೆ" ಅಂತ ಮನೆಗೆ ಕಳಿಸಬೇಡಿ. ಮಕ್ಕಳು ಕುಡಿಯುವ ನೀರಿನ ಬಾಟಲಿಯಲ್ಲಿ ಪೆಟ್ರೋಲ್, ಸೀಮೆಎಣ್ಣೆ ಇಡುವುದನ್ನೂ ಬಿಡಿ.

5. ಕೈ, ಬಟ್ಟೆ, ಊಟ

ಪೆಟ್ರೋಲ್ ಚರ್ಮದ ಮೂಲಕವೂ ಸ್ವಲ್ಪ ಒಳಗೆ ಹೋಗುತ್ತದೆ. ಪೆಟ್ರೋಲ್‌ನಲ್ಲಿ ಕೈ ತೊಳೆಯುವ ಬದಲು ಗ್ರೀಸ್‌ಗೆ ಸ್ವಲ್ಪ ಅಡುಗೆ ಎಣ್ಣೆ ಉಜ್ಜಿ, ಒರೆಸಿ, ಸೋಪಿನಲ್ಲಿ ತೊಳೆಯಿರಿ. ಊಟ, ಟೀಗೆ ಮುಂಚೆ ಇದು ಕಡ್ಡಾಯ. ಪ್ಯಾಂಟಿನ ಮೇಲೆ ಚೆಲ್ಲಿದರೆ ಒಣಗಲಿ ಅಂತ ಬಿಡಬೇಡಿ, ಬದಲಿಸಿ. ಅದಕ್ಕೇ ಒಂದು ಜೊತೆ ಬಟ್ಟೆ ಇರಲಿ ಅಂದದ್ದು. ಯೂನಿಫಾರ್ಮ್‌ನಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ, ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಗರ್ಭಿಣಿಯರಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಗನ್ ಹಿಡಿಯುವ, ಲೋಡ್ ಇಳಿಸುವ ಕೆಲಸದಿಂದ ಬಿಲ್ಲಿಂಗ್ ಕೆಲಸಕ್ಕೆ ಬದಲಿಸಿಕೊಡಿ ಎಂದು ಕೇಳಿ. ಬೆಂಜೀನ್ ತಾಯಿಯಿಂದ ಮಗುವಿಗೆ ದಾಟುತ್ತದೆ. ಡಾಕ್ಟರಿಗೂ ಮೊದಲ ಭೇಟಿಯಲ್ಲೇ ಕೆಲಸ ಏನೆಂದು ಹೇಳಿ.

6. ಉಸಿರಿನ ಲೆಕ್ಕ ಬರೆದಿಡಿ

ಎರಡರಿಂದ ನಾಲ್ಕು ವಾರ ಬರೆದರೆ ಸಾಕು. ಪೀಕ್ ಫ್ಲೋ ಮೀಟರ್ ಇದ್ದರೆ ನಿಂತುಕೊಂಡು, ಮುಳ್ಳನ್ನು ಸೊನ್ನೆಗೆ ತಂದು, ಪೂರ್ತಿ ಉಸಿರು ಎಳೆದು, ತುಟಿ ಬಿಗಿಯಾಗಿ ಮುಚ್ಚಿ, ಒಂದೇ ಏಟಿಗೆ ಜೋರಾಗಿ ಊದಿ. ಮೂರು ಸಲ ಊದಿ, ಎಲ್ಲಕ್ಕಿಂತ ಹೆಚ್ಚು ಬಂದ ಅಂಕಿ ಬರೆಯಿರಿ. ಎದ್ದ ಕೂಡಲೇ, ಕೆಲಸದ ನಡುವೆ, ಕೆಲಸ ಮುಗಿದಾಗ, ಮಲಗುವ ಮುಂಚೆ. ರಜೆಯ ದಿನವೂ ಬಿಡಬೇಡಿ, ಆ ದಿನದ ಅಂಕಿಯೇ ಇಲ್ಲಿ ಮುಖ್ಯ. ಕೆಲಸದ ದಿನಗಳಲ್ಲಿ ಇಳಿದು, ಊರಿಗೆ ಹೋದ ಎರಡು ದಿನದಲ್ಲಿ ಏರಿದರೆ ಕೆಲಸದ ಜಾಗಕ್ಕೂ ನಿಮ್ಮ ಉಸಿರಿಗೂ ಸಂಬಂಧ ಇದೆ ಎಂದು ಡಾಕ್ಟರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ.

ಮೀಟರ್ ಇಲ್ಲದಿದ್ದರೆ ಲಕ್ಷಣಗಳನ್ನೇ ಬರೆಯಿರಿ: ಕೆಮ್ಮು ಎಷ್ಟು ಹೊತ್ತಿಗೆ, ಕಫದ ಬಣ್ಣ, ಮೆಟ್ಟಿಲು ಹತ್ತಿದರೆ ಏದುಸಿರು ಬಂತೇ, ರಾತ್ರಿ ಎದೆಯಲ್ಲಿ ಸುಯ್ ಸುಯ್ ಸದ್ದು ಇತ್ತೇ, ಅವತ್ತು ಲೋಡ್ ಬಂದಿತ್ತೇ.

ಸಾಮಾನ್ಯವಾಗಿ ನಿಮ್ಮ ಒಳ್ಳೆಯ ಅಂಕಿ 400 ಇದ್ದು, ಒಂದು ದಿನ 200ಕ್ಕಿಂತ ಕೆಳಗೆ ಬಂದರೆ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

7. ಡಾಕ್ಟರ್ ಹತ್ತಿರ ಏನು ಹೇಳಬೇಕು, ಯಾವ ಪರೀಕ್ಷೆ ಕೇಳಬೇಕು

ಓಪಿಡಿ ಸಾಲಿನಲ್ಲಿ ನಿಮಗೆ ಸಿಗುವುದು ಮೂರು ನಿಮಿಷ. "ಕೆಮ್ಮು ಸಾರ್" ಅಂದರೆ ಸಿರಪ್ ಬರೆದುಕೊಡುತ್ತಾರೆ. ಹೀಗೆ ಹೇಳಿ: "ಬಂಕ್‌ನಲ್ಲಿ ಇಷ್ಟು ವರ್ಷದಿಂದ ಕೆಲಸ, ಪೆಟ್ರೋಲ್ ಆವಿಯಲ್ಲಿ ದಿನಕ್ಕೆ ಇಷ್ಟು ಗಂಟೆ ಇರ್ತೀನಿ, ರಜೆಯಲ್ಲಿ ಕಡಿಮೆಯಾಗುತ್ತೆ." ನೋಟ್‌ಬುಕ್ ತೋರಿಸಿ. ಬೀಡಿ, ಸಿಗರೇಟ್ ಇದ್ದರೆ ಮುಚ್ಚಿಡಬೇಡಿ. ಮನೆಯಲ್ಲಿ ಸೌದೆ ಒಲೆ ಇದ್ದರೆ ಅದನ್ನೂ ಹೇಳಿ.

ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಮೊದಲು ಕಫದ ಟಿಬಿ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪೆಟ್ರೋಲ್‌ನಿಂದಲೇ ಬಂದ ಕೆಮ್ಮು ಎಂದು ತಾವೇ ತೀರ್ಮಾನ ಮಾಡಿಕೊಂಡು ಟಿಬಿಯನ್ನು ಬೆಳೆಯಲು ಬಿಡುವುದು ದೊಡ್ಡ ತಪ್ಪು.

ಎಕ್ಸ್‌ರೇ ನಾರ್ಮಲ್ ಬಂತು, ಶ್ವಾಸಕೋಶ ಚೆನ್ನಾಗಿದೆ ಅಂತ ಸುಮ್ಮನಾಗುವವರೇ ಜಾಸ್ತಿ. ದಮ್ಮು ಇರುವವರ ಎಕ್ಸ್‌ರೇ ಎಷ್ಟೋ ಸಲ ನಾರ್ಮಲ್ ಆಗಿಯೇ ಇರುತ್ತದೆ. ಶ್ವಾಸನಾಳ ಕಿರಿದಾಗಿದೆಯೇ ಎಂದು ಹೇಳುವುದು ಸ್ಪೈರೋಮೆಟ್ರಿ. ಮೂಗಿಗೆ ಕ್ಲಿಪ್ ಹಾಕಿ, ಕೊಳವೆಯೊಳಗೆ ಪೂರ್ತಿ ಉಸಿರನ್ನು ಜೋರಾಗಿ ಬಿಟ್ಟು, ಆರು ಸೆಕೆಂಡಾದರೂ ಬಿಡುತ್ತಲೇ ಇರಬೇಕು. ಮೊದಲ ಸೆಕೆಂಡಿನಲ್ಲಿ ಎಷ್ಟು ಬಂತು, ಒಟ್ಟು ಎಷ್ಟು ಬಂತು ಎಂದು ಯಂತ್ರ ಅಳೆಯುತ್ತದೆ. ಆಮೇಲೆ ಔಷಧ ಎಳೆಸಿ ಮತ್ತೆ ಊದಿಸುತ್ತಾರೆ. ಔಷಧದ ನಂತರ ಚೆನ್ನಾಗಿ ಸುಧಾರಿಸಿದರೆ ಅಸ್ತಮಾ ಕಡೆ ಬೊಟ್ಟು ಮಾಡುತ್ತದೆ. ಅರೆಮನಸ್ಸಿನಿಂದ ಊದಿದರೆ ಫಲಿತಾಂಶವೇ ತಪ್ಪು ಬರುತ್ತದೆ. ಪರೀಕ್ಷೆಗೆ ಮುಂಚೆ ಹೊಟ್ಟೆ ತುಂಬ ಊಟ ಬೇಡ, ಬೀಡಿ ಸಿಗರೇಟ್ ಬೇಡ, ಇನ್‌ಹೇಲರ್ ಬಳಸುತ್ತಿದ್ದರೆ ನಿಲ್ಲಿಸಬೇಕೇ ಎಂದು ಮೊದಲೇ ಕೇಳಿ.

ಜೊತೆಗೆ ವರ್ಷಕ್ಕೊಮ್ಮೆ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ. ಬೆಂಜೀನ್ ಹೊಡೆಯುವುದು ರಕ್ತ ತಯಾರಾಗುವ ಮೂಳೆಯ ಮಜ್ಜೆಗೆ. ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಿವೆಯೇ ಎಂದು ಹಳೆ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿಸಿ. ಕಾರಣವಿಲ್ಲದೆ ಸುಸ್ತು, ಒಸಡಿನಲ್ಲಿ ರಕ್ತ, ಪದೇ ಪದೇ ಜ್ವರ, ಮೈಮೇಲೆ ನೀಲಿ ಕಲೆ ಕಂಡರೆ ವರ್ಷ ಕಾಯಬೇಡಿ.

ಎಲ್ಲಿಗೆ ಹೋಗಬೇಕು? ತುಮಕೂರಿನವರು ಜಿಲ್ಲಾ ಆಸ್ಪತ್ರೆ, ಕೋಲಾರದವರು ಎಸ್‌ಎನ್‌ಆರ್ ಆಸ್ಪತ್ರೆ, ಚಿಕ್ಕಬಳ್ಳಾಪುರದವರು ಅಲ್ಲಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಿಂದ ಶುರು ಮಾಡಿ. ಮುಂದೆ ಬೇಕಾದರೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ, ಅದೂ ಸರ್ಕಾರದ್ದೇ.

ಇನ್‌ಹೇಲರ್ ಬರೆದುಕೊಟ್ಟರೆ ಹೆದರಬೇಡಿ. "ಒಂದು ಸಲ ಹಿಡಿದರೆ ಬಿಡಕ್ಕಾಗಲ್ಲ" ಎಂಬ ಮಾತು ನಂಬಿ ಮಾತ್ರೆ, ಇಂಜೆಕ್ಷನ್‌ನಲ್ಲೇ ದಿನ ತಳ್ಳುವವರಿದ್ದಾರೆ. ಇನ್‌ಹೇಲರ್ ಔಷಧ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ತುಂಬ ಕಡಿಮೆ ಪ್ರಮಾಣ ಸಾಕಾಗುತ್ತದೆ. ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಿ. ಬೆಲ್ಲ ತಿಂದರೆ, ಬಾಳೆಹಣ್ಣು ತಿಂದರೆ, ಹಾಲು ಕುಡಿದರೆ ಎದೆ ಕ್ಲೀನ್ ಆಗುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ. ತಿನ್ನಿ, ಆದರೆ ಅದನ್ನೇ ರಕ್ಷಣೆ ಎಂದುಕೊಳ್ಳಬೇಡಿ.

8. ಯಾರಾದರೂ ತಲೆಸುತ್ತಿ ಬಿದ್ದರೆ

ಗುಂಡಿ, ಟ್ಯಾಂಕ್, ಪಿಟ್‌ನೊಳಗೆ ಬಿದ್ದಿದ್ದರೆ ನೀವು ಹಿಂದೆ ಇಳಿಯಬೇಡಿ. ಇಂಥ ಅವಘಡಗಳಲ್ಲಿ ಕಾಪಾಡಲು ಹೋದವರೂ ಸಾಯುತ್ತಾರೆ. 108ಕ್ಕೆ, 112ಕ್ಕೆ ಫೋನ್ ಮಾಡಿ, ಅದೂ ಆವಿಯಿಂದ ದೂರ ಹೋಗಿ. ಬಯಲಿನಲ್ಲಿ ಬಿದ್ದಿದ್ದರೆ ಗಾಳಿ ಬರುವ ಕಡೆಗೆ ಎಳೆದು ತನ್ನಿ, ಪೆಟ್ರೋಲ್ ತಾಗಿದ ಬಟ್ಟೆ ತೆಗೆಯಿರಿ, ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಉಸಿರಿಲ್ಲದಿದ್ದರೆ ಎದೆ ಒತ್ತುವುದನ್ನು ಶುರು ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

9. ಇಎಸ್‌ಐ ಮತ್ತು ಕಾಗದಪತ್ರ

ನಿಮ್ಮ ಕಡೆ 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುತ್ತಿದ್ದು, ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ, ನಿಮ್ಮ ಹಕ್ಕು. ಸಂಬಳದ ಶೇ. 0.75 ನಿಮ್ಮಿಂದ, ಶೇ. 3.25 ಮಾಲೀಕರಿಂದ ಹೋಗುತ್ತದೆ. ನಿಮಗೂ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಕಾಯಿಲೆ ರಜೆಗೆ, ಕಂತು ಕಟ್ಟಿದ ದಿನಗಳ ಷರತ್ತು ಪೂರೈಸಿದ್ದರೆ, ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತದೆ. ತುಮಕೂರಿನ ಕಡೆಯವರಿಗೆ ದಾರಿಯಲ್ಲೇ ಪೀಣ್ಯದಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಹಣ ಹಿಡಿಯುತ್ತಿದ್ದಾರೆ, ನಂಬರ್ ಮಾತ್ರ ಕೊಟ್ಟಿಲ್ಲ ಎಂದಾದರೆ ಇವತ್ತೇ ಕೇಳಿ ಬರೆದುಕೊಳ್ಳಿ. ಇಎಸ್‌ಐ ಇಲ್ಲದವರು ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಸರ್ಕಾರಿ ಆಸ್ಪತ್ರೆಯ ಮೂಲಕ ಹೋಗಬಹುದು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ.

ಬೆಂಜೀನ್‌ನಿಂದ ಬರುವ ಕಾಯಿಲೆಗಳು ಇಎಸ್‌ಐ ಕಾಯಿದೆಯ ಮೂರನೇ ಪಟ್ಟಿಯಲ್ಲಿ, ಅಂದರೆ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿ ಇದ್ದವು. ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯಿದೆಯಲ್ಲೂ ಅಂಥದ್ದೇ ಪಟ್ಟಿ ಇತ್ತು. 2025ರ ನವೆಂಬರ್‌ನಿಂದ ಈ ಎರಡೂ ಕಾಯಿದೆಗಳ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿ ಅದರಲ್ಲೂ ಇದೆ. ಇದು ಪ್ರಯೋಜನಕ್ಕೆ ಬರಬೇಕಾದರೆ ಕೆಲಸ ಏನು ಎಂಬುದು ಆಸ್ಪತ್ರೆ ಚೀಟಿಯಲ್ಲೇ ಇರಬೇಕು. ಡಾಕ್ಟರಿಗೆ "ಪೆಟ್ರೋಲ್ ಬಂಕ್ ಕೆಲಸ ಎಂದು ಬರೆದುಕೊಡಿ ಸಾರ್" ಅಂತ ಕೇಳಿಕೊಳ್ಳಿ. ಬೆಂಜೀನ್‌ನ ರಕ್ತದ ಕಾಯಿಲೆ ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಸಂಬಳದ ಚೀಟಿ, ಇಎಸ್‌ಐ ನಂಬರ್, ಹಳೆ ಸಿಬಿಸಿ, ಸ್ಪೈರೋಮೆಟ್ರಿ ರಿಪೋರ್ಟ್, ಯಾವ ಬಂಕ್‌ನಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಇದ್ದಿರಿ ಎಂಬ ಒಂದು ಹಾಳೆ, ಇಷ್ಟನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಮನೆಯಲ್ಲಿಡಿ, ಬಂಕಿನ ಬೀರುವಿನಲ್ಲಿ ಬೇಡ. ಎಲ್ಲದರ ಫೋಟೋ ತೆಗೆದು ಮನೆಯವರೊಬ್ಬರ ಫೋನಿಗೂ ಕಳಿಸಿಡಿ.